ಟ್ರೈಲರ್ ನೋಡಿ ಮರುಳಾಗಬೇಡಿ!

ಷೂಟಿಂಗ್ ನೋಡಲು ಹೋದ ಅಭಿಮಾನಿ ಎರಡು ವಸ್ತುಗಳನ್ನು ಕಣ್ತುಂಬ ನೋಡಿಕೊಂಡು ಬರುತ್ತಾನೆ. ಒಂದು, ಹೀರೋ. ಇನ್ನೊಂದು, ಹೀರೋ ಒಳಗೆ ಕೂತಿರುವ ಕ್ಯಾರವಾನ್! ನಿಜ ಹೇಳಬೇಕೆಂದರೆ ಹೀರೋಗಿಂತ ಕ್ಯಾರವಾನನ್ನೇ ಹೆಚ್ಚು ಹೊತ್ತು ನೋಡಿರುತ್ತಾನೆ. ಬಾಗಿಲು ಯಾವಾಗ ತೆರೆಯುತ್ತೋ, ಒಳಗೆ ಸೋಫಾ ಇದೆಯಂತೆ, ಟಿವಿ ಇದೆಯಂತೆ, ಏರ್‌ಕಂಡೀಷನ್ ಇದೆಯಂತೆ... ಹಿಂದೆಲ್ಲ ಹೊರಾಂಗಣ ಚಿತ್ರೀಕರಣ ಅಂದರೆ ಒಂದು ಮರದ ನೆರಳು, ಒಂದು ಮಡಚೋ ಕುರ್ಚಿ, ಕೊಡೆ ಹಿಡಿಯಲು ಒಬ್ಬ ಹುಡುಗ. ಈಗ ಚಕ್ರದ ಮೇಲೆ ಮನೆಯೇ ಬಂದು ನಿಲ್ಲುತ್ತದೆ.

ಅಂಥ ಚಕ್ರದ ಮನೆಯೊಂದನ್ನು ನಾನು ಕೊಳ್ಳಲು ಹೊರಟಿದ್ದೆ ಎಂದರೆ ನಂಬುತ್ತೀರಾ? ನಗಬೇಡಿ. ಸ್ಟಾರ್ ಕೂರುವ ಕ್ಯಾರವಾನ್ ಅಲ್ಲ ಸ್ವಾಮಿ, ಅದರ ಬಡ ತಮ್ಮ. ಅದೂ ಹೊಸದಲ್ಲ, ಸೆಕೆಂಡ್ ಹ್ಯಾಂಡ್!

ನಾನು ತಿಪಟೂರಿನವನು. ಹೊಟ್ಟೆಪಾಡಿಗೆ ಎಂಟು ವರ್ಷಗಳಿಂದ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಹೆಂಡತಿ ಇದ್ದಾಳೆ, ಆರು ವರ್ಷದ ಮಗ ಇದ್ದಾನೆ. 2024ರ ಬೇಸಿಗೆಗೆ ಅಪ್ಪ ಅಮ್ಮ ಆರು ತಿಂಗಳು ಇರಲು ಬಂದರು. ಕಥೆ ಶುರುವಾಗುವುದೇ ಅಲ್ಲಿಂದ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮೂವತ್ತೊಂದು ವರ್ಷ ಸ್ಟಿಯರಿಂಗ್ ತಿರುಗಿಸಿದ್ದಾರೆ. ಧರ್ಮಸ್ಥಳಕ್ಕೆ, ತಿರುಪತಿಗೆ, ಮಂತ್ರಾಲಯಕ್ಕೆ ಸಾವಿರಾರು ಜನರನ್ನು ಕರೆದುಕೊಂಡು ಹೋದವರು. ಆದರೆ ತಾವು ಪ್ರಯಾಣಿಕರಾಗಿ ಕಿಟಕಿ ಪಕ್ಕ ಕೂತು ಊರು ನೋಡಿದ್ದು ಬಹಳ ಕಡಿಮೆ. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಸಿನಿಮಾ ಪತ್ರಿಕೆಗಳನ್ನು ಕಂಡಕ್ಟರ್ ಮಾವ ಎತ್ತಿಡುತ್ತಿದ್ದರು, ಅಪ್ಪ ಅದನ್ನು ನನಗೆ ತಂದುಕೊಡುತ್ತಿದ್ದರು. ನನ್ನ ಸಿನಿಮಾ ಹುಚ್ಚಿಗೆ ಅಡಿಪಾಯ ಬಿದ್ದದ್ದೇ ಆ ಬಸ್ಸಿನ ಸೀಟಿನ ಮೇಲೆ ಎನ್ನಿ. ಈಗ ಅಪ್ಪನಿಗೆ ಅರವತ್ತೊಂಬತ್ತು. ಮಂಡಿ ಸೋತಿದೆ. ಮುಂದಿನ ಸಲ ಇಷ್ಟು ದೂರ ವಿಮಾನ ಹತ್ತುತ್ತಾರೋ ಇಲ್ಲವೋ, ಯಾರಿಗೆ ಗೊತ್ತು? ಒಂದು ಸಲ, ಒಂದೇ ಒಂದು ಸಲ, ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನಾಲ್ಕು ಊರು ತೋರಿಸಬೇಕು ಅನ್ನುವುದು ನನ್ನ ಆಸೆ.

ಅಡ್ಡಿ ಏನೆಂದರೆ ಅಮ್ಮ. ಹೋಟೆಲ್ ಊಟ ಮುಟ್ಟುವುದಿಲ್ಲ. ಅನ್ನ, ಸಾರು, ಮಜ್ಜಿಗೆ ಇಲ್ಲದಿದ್ದರೆ ಎರಡನೇ ದಿನಕ್ಕೇ ಮುಖ ಬಾಡುತ್ತದೆ. ಇಲ್ಲಿಯ ಹೋಟೆಲ್ ರೂಮುಗಳಲ್ಲಿ ಒಗ್ಗರಣೆ ಹಾಕಿದರೆ ಬೆಂಕಿಯ ಗಂಟೆ ಬಾರಿಸಿಬಿಡುತ್ತದೆ! ಹಾಗಾಗಿ ನನ್ನ ತಲೆಗೆ ಹೊಳೆದದ್ದು ಟ್ರೈಲರ್.

ಯಾವ ಟ್ರೈಲರ್?

ಟ್ರೈಲರ್ ಎಂದಕೂಡಲೇ ನಿಮ್ಮ ಕಣ್ಣಿಗೆ ಕಾಣುವುದು ಪಿಕ್ಚರ್ ಬಿಡುಗಡೆಗೆ ಮುಂಚೆ ತೋರಿಸುವ ಎರಡು ನಿಮಿಷದ ತುಣುಕು. ಇದು ಬೇರೆ. ನಮ್ಮೂರ ಟ್ರ್ಯಾಕ್ಟರ್ ಹಿಂದೆ ತೆಂಗಿನಕಾಯಿ ತುಂಬಿದ ಟ್ರೈಲರ್ ಇರುತ್ತದಲ್ಲ, ಜಾತಿ ಅದೇ. ಅದಕ್ಕೆ ಗೋಡೆ, ಮಾಡು, ಕಿಟಕಿ ಕೊಟ್ಟು, ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಇಟ್ಟರೆ ಅದು ಟ್ರಾವೆಲ್ ಟ್ರೈಲರ್. ಸ್ವಂತ ಇಂಜಿನ್ ಇಲ್ಲ. ಕಾರು ಅಥವಾ ಟ್ರಕ್ಕಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಇಂಜಿನ್ ಸಮೇತ ಬರುವುದಕ್ಕೆ ಇಲ್ಲಿ ಮೋಟಾರ್ ಹೋಮ್ ಅನ್ನುತ್ತಾರೆ. ಅದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆ ಮಾತು ಬೇಡ.

ಇಂಥ ಬಂಡಿಗಳು ಹೆಚ್ಚಾಗಿ ತಯಾರಾಗುವುದು ನಮ್ಮ ಪಕ್ಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ. ಇನ್ನು ಬೆಳ್ಳಿಯಂತೆ ಥಳಥಳ ಹೊಳೆಯುವ ಏರ್‌ಸ್ಟ್ರೀಮ್ ಟ್ರೈಲರನ್ನು ಹಾಲಿವುಡ್ ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಅದು ತಯಾರಾಗುವುದು ನಮ್ಮ ಒಹಾಯೋದ ಜಾಕ್ಸನ್ ಸೆಂಟರ್‌ನಲ್ಲಿ. 1969ರಲ್ಲಿ ಚಂದ್ರನ ಮೇಲೆ ಇಳಿದು ಬಂದ ಅಪೋಲೋ 11ರ ಮೂವರು ಗಗನಯಾತ್ರಿಗಳನ್ನು, ಅಲ್ಲಿಂದ ರೋಗಾಣು ತಂದಿದ್ದಾರೇನೋ ಎಂಬ ಭಯಕ್ಕೆ, ಒಂದು ಮಾರ್ಪಾಟು ಮಾಡಿದ ಏರ್‌ಸ್ಟ್ರೀಮ್ ಟ್ರೈಲರಿನಲ್ಲೇ ಕೂಡಿಹಾಕಿದ್ದರು. ಅಧ್ಯಕ್ಷ ನಿಕ್ಸನ್ ಬಂದು ಕಿಟಕಿಯಾಚೆಯಿಂದಲೇ ಮಾತಾಡಿಸಿ ಹೋದರು. ಚಂದ್ರಲೋಕದ ವೀರರಿಗೇ ಸಿಕ್ಕ ಮನೆ ಅಂದಮೇಲೆ ತಿಪಟೂರಿನ ಡ್ರೈವರ್‌ಗೆ ಸಾಲದೇ!

ನಮಗೂ ಈ ಬದುಕು ಹೊಸದಲ್ಲ. ತಿಪಟೂರಿನಿಂದ ತುಮಕೂರಿಗೆ ಬರುವ ದಾರಿಯಲ್ಲೇ ಗುಬ್ಬಿ ಇದೆ. ಗುಬ್ಬಿ ಕಂಪನಿ ನಾಟಕದವರು ಊರಿಂದೂರಿಗೆ ಸಂಸಾರ ಸಮೇತ ಹೋಗಿ ಕ್ಯಾಂಪ್ ಹೂಡುತ್ತಿದ್ದರು. ಅಣ್ಣಾವ್ರು ಬೆಳೆದು ಬಂದದ್ದು ಆ ಕಂಪನಿಯ ಕ್ಯಾಂಪಿನಲ್ಲೇ. ಕ್ಯಾಂಪ್ ಎಂಬ ಇಂಗ್ಲಿಷ್ ಪದ ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತಿದ್ದದ್ದು ನಾಟಕದವರ ಪುಣ್ಯದಿಂದ.

ಬೆಲೆ ಇಳಿದಿದೆ, ನಿಜ

ನನ್ನ ಲೆಕ್ಕಾಚಾರಕ್ಕೆ ಇನ್ನೊಂದು ಕಾರಣವೂ ಇತ್ತು. 2020ರಲ್ಲಿ ಕೊರೊನಾ ಬಂದಾಗ ವಿಮಾನ ಬೇಡ, ಹೋಟೆಲ್ ಬೇಡ ಎಂದು ಅಮೆರಿಕದ ಜನ ಈ ಚಕ್ರದ ಮನೆಗಳ ಮೇಲೆ ಮುಗಿಬಿದ್ದರು. ಅದೇ ಕಾಲಕ್ಕೆ 'ನೊಮ್ಯಾಡ್‌ಲ್ಯಾಂಡ್' ಚಿತ್ರವೂ ಬಂತು. ಫ್ರಾನ್ಸಿಸ್ ಮ್ಯಾಕ್‌ಡಾರ್ಮಂಡ್ ವ್ಯಾನಿನಲ್ಲೇ ಬದುಕುವ ಹೆಂಗಸಾಗಿ ಅಭಿನಯಿಸಿದ ಆ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಸಿಕ್ಕಿತು. ಕಾರ್ಖಾನೆಗಳಿಂದ ಹೊರಬಿದ್ದ ಟ್ರೈಲರ್, ಮೋಟಾರ್ ಹೋಮ್ ಎಲ್ಲ ಸೇರಿ 2021ರ ಒಂದೇ ವರ್ಷದಲ್ಲಿ 6 ಲಕ್ಷ ದಾಟಿತು. ಎರಡೇ ವರ್ಷ... 2023ಕ್ಕೆ ಅದು ಸುಮಾರು 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಹುಮ್ಮಸ್ಸಿನಲ್ಲಿ ಕೊಂಡವರಲ್ಲಿ ಎಷ್ಟೋ ಮಂದಿ ಎರಡು ಸಲ ಓಡಿಸಿ, ಮನೆಯ ಮುಂದೆ ನಿಲ್ಲಿಸಿ, 'ಮಾರಾಟಕ್ಕಿದೆ' ಬೋರ್ಡು ತಗುಲಿಸಿದರು.

ಅಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಸುಗ್ಗಿ! ನನ್ನ ಹತ್ತಿರ ಸುಮಾರು ಹತ್ತು ಸಾವಿರ ಡಾಲರ್ ಇತ್ತು. ಲೆಕ್ಕಕ್ಕೆ ಸುಲಭವಾಗಲಿ ಎಂದು ಡಾಲರಿಗೆ 85 ರೂಪಾಯಿ ಹಿಡಿದರೆ ಎಂಟೂವರೆ ಲಕ್ಷ. ಆದರೆ ಅದು ಪುಕ್ಕಟೆ ಬಿದ್ದಿದ್ದ ದುಡ್ಡಲ್ಲ. ತಿಪಟೂರಿನ ಮನೆ ಹಳೇ ಹೆಂಚಿನದು, ಮಳೆಗಾಲದಲ್ಲಿ ನಾಲ್ಕು ಕಡೆ ಪಾತ್ರೆ ಇಡಬೇಕು. ಅದಕ್ಕೆ ತಾರಸಿ ಹಾಕಿಸಬೇಕೆಂದು ಮೂರು ವರ್ಷದಿಂದ ಕೂಡಿಟ್ಟ ದುಡ್ಡು ಅದು. ಒಂದು ಕಡೆ ಅಪ್ಪನ ಪ್ರವಾಸ, ಇನ್ನೊಂದು ಕಡೆ ಅಪ್ಪನ ಮನೆ. ಎರಡೂ ಅಪ್ಪನಿಗೇ! ಹೇಗಿದೆ ನೋಡಿ ಸಂಕಟ.

ನನ್ನವಳು ಒಂದೇ ಮಾತು ಹೇಳಿದಳು: "ರೀ, ನೋಡೋಣ. ಆದ್ರೆ ನೋಡಿದ ದಿನವೇ ದುಡ್ಡು ಕೊಡಬಾರ್ದು."

ಮೊದಲನೆಯದು: ಮೇಕಪ್ಪಿನ ಸುಂದರಿ

ಮೊದಲು ನೋಡಿದ್ದು ಹದಿನೆಂಟು ಅಡಿಯದು. ಹೊಸ ಪರದೆ, ಹೊಸ ದಿಂಬು, ಒಳಗೆ ಹೊಸ ಬಿಳಿ ಬಣ್ಣ, ಘಮಘಮ ಸುವಾಸನೆ. ನನಗಂತೂ ಇಷ್ಟವಾಯಿತು. ಅಪ್ಪ ಮಾತಾಡಲಿಲ್ಲ. ಮೆಲ್ಲಗೆ ಮೆಟ್ಟಿಲು ಹತ್ತಿದರು, ಮೂಲೆಯ ಬೀರುವಿನ ಬಾಗಿಲು ತೆಗೆದು ಒಳಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಗೋಡೆ ಇಡ್ಲಿಯ ಹಾಗೆ ಒಳಕ್ಕೆ ಹೋಯಿತು!

"ನೀರು ಕುಡಿದಿದೆ ಕಣೋ" ಅಂದರು. "ಬಸ್ಸಿನ ಬಾಡೀನೂ ಹಿಂಗೇ. ಮಧ್ಯದಲ್ಲಿ ಸೋರಲ್ಲ, ಮೂಲೇಲಿ, ಕಿಟಕಿ ಸಂದೀಲಿ ಸೋರತ್ತೆ. ಬಣ್ಣ ಯಾಕೆ ಹೊಡ್ದವ್ರೆ ಅಂತ ಕೇಳು."

ಆಮೇಲೆ ನಾನು ಓದಿ ತಿಳಿದುಕೊಂಡದ್ದೂ ಅದನ್ನೇ. ಹಳೇ ಟ್ರೈಲರಿನ ಮೊದಲ ಶತ್ರು ನೀರು. ಬಹಳಷ್ಟು ಟ್ರೈಲರುಗಳ ಮೇಲ್ಛಾವಣಿಗೆ ತೆಳು ರಬ್ಬರ್ ಹಾಳೆ ಹೊದಿಸಿರುತ್ತಾರೆ. ಗಾಳಿಕಿಂಡಿ, ಕೊಳವೆ, ಅಂಚುಗಳ ಸಂದಿಗೆಲ್ಲ ಒಂದು ಬಗೆಯ ಅಂಟು ಬಳಿದಿರುತ್ತಾರೆ. ಬಿಸಿಲಿಗೆ, ಹಿಮಕ್ಕೆ ಆ ಅಂಟು ಬಿರುಕು ಬಿಡುತ್ತದೆ. ಪ್ರತಿ ವರ್ಷ ಏಣಿ ಹಾಕಿ ಹತ್ತಿ ನೋಡಿ ಮತ್ತೆ ಬಳಿಯಬೇಕು. ಬಳಿಯದಿದ್ದರೆ ನೀರು ಮೆಲ್ಲಗೆ ಇಳಿದು, ಕಟ್ಟಿಗೆಯ ಚೌಕಟ್ಟು ಕೊಳೆತು, ನೆಲದ ಪ್ಲೈವುಡ್ ಮೆತ್ತಗಾಗುತ್ತದೆ. ಹೊರಗೋಡೆಯ ಹಾಳೆ ಒಳಪದರದಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಅಲ್ಲಿಗೆ ಬಂತು ಅಂದರೆ ರಿಪೇರಿಗೆ ಬಂಡಿಯ ಬೆಲೆಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ.

ನನಗೆ ಒಳಗೊಳಗೇ ನಗು ಬಂತು. ಸೋರುವ ಮನೆಗೆ ತಾರಸಿ ಹಾಕಿಸುವ ದುಡ್ಡಿನಲ್ಲಿ ಇನ್ನೊಂದು ಸೋರುವ ಮನೆ ಕೊಳ್ಳಲು ಹೊರಟಿದ್ದೆನಲ್ಲ! ಮಾರುವವನಿಗೆ ನಮಸ್ಕಾರ ಹೇಳಿ ಬಂದೆವು.

ಎರಡನೆಯದು: ಕಲ್ಲಿನ ಕಥೆ

ಎರಡನೆಯದು ಗಟ್ಟಿಮುಟ್ಟಾಗಿತ್ತು. ನೆಲ ಟಣ್ ಅನ್ನುತ್ತಿತ್ತು. ಒಲೆ ಹತ್ತಿತು, ಫ್ರಿಜ್ಜು ತಣ್ಣಗಾಯಿತು. ಫ್ರಿಜ್ಜಿನ ವಿಚಿತ್ರ ಕೇಳಿ: ಕರೆಂಟು ಇದ್ದರೆ ಕರೆಂಟಿನಲ್ಲಿ, ಇಲ್ಲದಿದ್ದರೆ ಅಡಿಗೆ ಗ್ಯಾಸಿನಲ್ಲೇ ತಣ್ಣಗಾಗುತ್ತದೆ! ಇಲ್ಲಿ ತೊಡಕಾದದ್ದು ಭಾರ.

ನಮ್ಮದು ಏಳು ಸೀಟಿನ ಮಿನಿವ್ಯಾನ್. ಅದು ಎಳೆಯಬಹುದಾದ ಗರಿಷ್ಠ ಭಾರ 3,500 ಪೌಂಡು ಎಂದು ಕಂಪನಿಯ ಪುಸ್ತಕವೇ ಹೇಳುತ್ತದೆ, ಅಂದರೆ 1,588 ಕೆಜಿ. ಮಾರುವವನು "ಟ್ರೈಲರ್ 3,050 ಪೌಂಡು ಅಷ್ಟೇ, ಧಾರಾಳವಾಗಿ ಎಳೆಯುತ್ತೆ" ಅಂದ. ಸುಳ್ಳಲ್ಲ, ಆದರೆ ಅದು ಖಾಲಿ ಭಾರ! 30 ಗ್ಯಾಲನ್ ನೀರಿನ ಟ್ಯಾಂಕು ತುಂಬಿಸಿದರೆ ಅದೇ 250 ಪೌಂಡು. ಗ್ಯಾಸ್ ಸಿಲಿಂಡರು, ಬ್ಯಾಟರಿ 100. ಐದು ಜನರ ಬಟ್ಟೆ, ಹಾಸಿಗೆ, ಅಮ್ಮನ ಕುಕ್ಕರು, ಅಕ್ಕಿ, ರಾಗಿಹಿಟ್ಟು 300. ಎಷ್ಟಾಯಿತು? 3,700! ಗೋಡೆಯ ಮೇಲಿದ್ದ ಚೀಟಿ ನೋಡಿದೆವು. ತುಂಬಿದ ಮೇಲೆ 3,900 ಪೌಂಡಿನವರೆಗೆ ಹೋಗಬಹುದು ಎಂದು ಬರೆದಿತ್ತು. ಕೊಳ್ಳುವವನು ಓದಬೇಕಾದದ್ದು ಆ ಅಂಕಿಯನ್ನು, ಮಾರುವವನು ಹೇಳುವ ಅಂಕಿಯನ್ನಲ್ಲ.

ಈ ವಿಷಯಕ್ಕೆ ಒಂದು ಹಳೇ ಪಿಕ್ಚರ್ ಇದೆ. ಸಿಕ್ಕರೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. 1954ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೈಲರ್'. ನಿರ್ದೇಶಕ ವಿನ್ಸೆಂಟ್ ಮಿನೆಲಿ. ತಾರಾಗಣದಲ್ಲಿ ಲೂಸಿಲ್ ಬಾಲ್, ಡೆಸಿ ಅರ್ನಾಜ್. ಆಗ ನಿಜಜೀವನದಲ್ಲೂ ಗಂಡ ಹೆಂಡತಿ, 'ಐ ಲವ್ ಲೂಸಿ' ಟಿವಿ ಧಾರಾವಾಹಿಯಿಂದ ಅಮೆರಿಕದ ಮನೆಮನೆಗೂ ಗೊತ್ತಿದ್ದ ಜೋಡಿ. ಹೊಸದಾಗಿ ಮದುವೆಯಾದ ಇಬ್ಬರು ಉದ್ದನೆಯ ಟ್ರೈಲರ್ ಕೊಂಡು ಹೊರಡುತ್ತಾರೆ. ಹೆಂಡತಿಗೆ ಹೋದಲ್ಲೆಲ್ಲ ನೆನಪಿಗೊಂದು ಕಲ್ಲು ಎತ್ತಿಡುವ ಚಟ! ಕಲ್ಲು ಬೇಡ, ಬೆಟ್ಟ ಹತ್ತಬೇಕು ಎಂದು ಗಂಡ ಗೋಗರೆಯುತ್ತಾನೆ. ಅವಳು ಹೂಂ ಅಂದು ಬಚ್ಚಿಡುತ್ತಾಳೆ. ಕೊನೆಗೆ ಪ್ರಪಾತದ ಪಕ್ಕದ ಕಡಿದಾದ ರಸ್ತೆಯಲ್ಲಿ ಆ ಬಂಡಿ ಏರುವಾಗ ನೋಡುವವರಿಗೇ ಕೈಕಾಲು ನಡುಗುತ್ತದೆ. ನಗಿಸಲು ಮಾಡಿದ ಪಿಕ್ಚರ್ ಇರಬಹುದು, ಆದರೆ ಅದರಲ್ಲಿರುವ ಪಾಠ ಅಪ್ಪಟ ಸತ್ಯ: ಟ್ರೈಲರಿನಲ್ಲಿ ಭಾರವೇ ವಿಲನ್.

ಭಾರ ಹೆಚ್ಚಾದರೆ ಇಂಜಿನ್ ಏದುಸಿರು ಬಿಡುವುದು ದೊಡ್ಡ ಮಾತಲ್ಲ. ಬ್ರೇಕ್ ಹಿಡಿದಾಗ ನಿಲ್ಲುವುದಿಲ್ಲವಲ್ಲ, ಅದು ದೊಡ್ಡ ಮಾತು. ಒಟ್ಟು ಭಾರದ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲೆ ಕೂರಬೇಕು ಎಂಬುದು ಇಲ್ಲಿಯ ಲೆಕ್ಕ. ಅದಕ್ಕಿಂತ ಕಡಿಮೆಯಾಗಿ ಹಿಂಬದಿ ಭಾರವಾದರೆ ಟ್ರೈಲರ್ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಆಡುತ್ತದೆ, ಮುಂದಿನ ಗಾಡಿಯನ್ನೂ ಜೊತೆಗೆ ಎಳೆಯುತ್ತದೆ. ಹಿಂದಿನ ಸೀಟಿನಲ್ಲಿ ನನ್ನ ಮಗ, ನನ್ನ ಅಮ್ಮ. ಬೇಡ ಸ್ವಾಮಿ, ಎರಡನೆಯದಕ್ಕೂ ಕೈಮುಗಿದೆವು.

ಮೂರನೆಯದು: ನಿಜವಾದ ಪರೀಕ್ಷೆ

ಮೂರನೆಯದು ಬಂದಾಗ ನನಗೆ ಹಾಡು ಕೇಳಿಸಿತು ಅನ್ನಿ. ಹದಿನಾರು ಅಡಿ. ಖಾಲಿ ಭಾರ 2,300, ತುಂಬಿದರೂ 3,000 ಪೌಂಡು ದಾಟುವಂತಿಲ್ಲ. ನಿವೃತ್ತ ಗಂಡ ಹೆಂಡತಿ ಇಟ್ಟುಕೊಂಡಿದ್ದದ್ದು. ಪ್ರತಿ ವರ್ಷ ಛಾವಣಿಗೆ ಅಂಟು ಬಳಿದ ತಾರೀಖು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಪ್ಪ ಮೂಲೆಮೂಲೆ ಒತ್ತಿ ನೋಡಿದರು, ಗಟ್ಟಿ. ಮಂಡಿ ನೋವಿದ್ದರೂ ಬಗ್ಗಿ ಟಯರ್ ಸವರಿದರು. ಟಯರಿನ ಪಕ್ಕೆಯಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಮುಂದಿನ ಎರಡು ಇಸವಿ. ಅಲ್ಲಿ 2317 ಎಂದಿತ್ತು. ಅಂದರೆ 2017ನೇ ಇಸವಿಯ 23ನೇ ವಾರ. "ಗುಂಡಿ ಚೆನ್ನಾಗೈತೆ, ವಯಸ್ಸಾಗೈತೆ. ಬದಲಾಯಿಸ್ಬೇಕು" ಅಂದರು. ನಿಂತೇ ಇರುವ ಬಂಡಿಯ ಟಯರು ಸವೆಯುವುದಿಲ್ಲ, ಒಣಗಿ ಸೀಳುತ್ತದೆ.

ಬೆಲೆ 7,800 ಡಾಲರ್. ಇದರಲ್ಲಿ ತೆಗೆದುಹಾಕಲು ಏನೂ ಇರಲಿಲ್ಲ. ಆದ್ದರಿಂದಲೇ ಅಂದು ರಾತ್ರಿ ನಾನೂ ನನ್ನವಳೂ ಕಾಗದ, ಪೆನ್ಸಿಲ್ ಹಿಡಿದು ಕೂತೆವು. ಇದು ನಮ್ಮ ಊರಿನ, ನಮ್ಮ ಮನೆಯ ಲೆಕ್ಕ. ನಿಮ್ಮದು ಬೇರೆ ಇರಬಹುದು, ಹಾಕುವ ರೀತಿ ಮಾತ್ರ ಒಂದೇ.

ಬಂಡಿಗೆ 7,800. ಟಯರು, ಬ್ಯಾಟರಿಗೆ 500. ವ್ಯಾನಿಗೆ ಕೊಕ್ಕೆ, ಬ್ರೇಕಿನ ಜೋಡಣೆಗೆ 600. ತೆರಿಗೆ, ನೋಂದಣಿಗೆ 600. ಒಟ್ಟು 9,500. ಇದು ರಸ್ತೆಗಿಳಿಯುವ ಮುಂಚಿನ ಖರ್ಚು.

ಇನ್ನು ವರ್ಷ ವರ್ಷದ್ದು. ನಮ್ಮ ಬಡಾವಣೆಯಲ್ಲಿ ಮನೆ ಮುಂದೆ ಟ್ರೈಲರ್ ನಿಲ್ಲಿಸುವ ಹಾಗಿಲ್ಲ. ಊರ ಹೊರಗೆ ಬಾಡಿಗೆ ಜಾಗ ತಿಂಗಳಿಗೆ 60, ವರ್ಷಕ್ಕೆ 720. ವಿಮೆ 250. ಇಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ, ಅದಕ್ಕೇ ನೀರೆಲ್ಲ ಬಸಿದು ಗುಲಾಬಿ ಬಣ್ಣದ ಒಂದು ದ್ರವ ತುಂಬಿಸಿಡಬೇಕು. ಅದು, ಛಾವಣಿಯ ಅಂಟು, ಸಣ್ಣಪುಟ್ಟ ರಿಪೇರಿ ಸೇರಿ 230. ವರ್ಷಕ್ಕೆ 1,200.

ಮೂರು ವರ್ಷ ಇಟ್ಟುಕೊಂಡು 5,000ಕ್ಕೆ ಮಾರಿದೆವು ಎನ್ನಿ. 9,500ಕ್ಕೆ 3,600 ಕೂಡಿಸಿ, 5,000 ಕಳೆಯಿರಿ. ಉಳಿದದ್ದು 8,100. ವರ್ಷಕ್ಕೆ 2,700.

ನನಗೆ ವರ್ಷಕ್ಕೆ ಸಿಗುವ ರಜೆ 15 ದಿನ. ಶನಿವಾರ ಭಾನುವಾರ ಎಳೆದಾಡಿದರೂ ಟ್ರೈಲರಿನಲ್ಲಿ ಮಲಗುವುದು 14 ರಾತ್ರಿ. 2,700ನ್ನು 14ರಿಂದ ಭಾಗಿಸಿದರೆ ರಾತ್ರಿಗೆ 193. ಟ್ರೈಲರ್ ನಿಲ್ಲಿಸುವ ಕ್ಯಾಂಪಿನ ಜಾಗಕ್ಕೆ ರಾತ್ರಿಗೆ 45 ಬೇರೆ. ಒಟ್ಟು 238. ಹೋಟೆಲಿನಲ್ಲಿ ಎರಡು ರೂಮು ಹಿಡಿದರೆ ಎಷ್ಟು? 240! ಎರಡು ಡಾಲರ್ ಉಳಿಸಲು ಇಷ್ಟೆಲ್ಲ ಸರ್ಕಸ್ಸು!

ಅದೇ ಟ್ರೈಲರನ್ನು ಬಾಡಿಗೆಗೆ ತಂದರೆ? ರಾತ್ರಿಗೆ 140, ಜಾಗಕ್ಕೆ 45, ಒಟ್ಟು 185. ಅಡುಗೆ ಮನೆಯೂ ಸಿಕ್ಕಿತು, ಅಮ್ಮನ ಸಾರೂ ಆಯಿತು. ನನ್ನವಳು ಇನ್ನೊಂದು ಭಾಗಾಕಾರ ಮಾಡಿದಳು. 2,700ನ್ನು 140ರಿಂದ ಭಾಗಿಸಿದಳು. 19 ಚಿಲ್ಲರೆ ಬಂತು. "ರೀ, ವರ್ಷಕ್ಕೆ 20 ರಾತ್ರಿ ಅದರಲ್ಲಿ ಮಲಗ್ತೀರಾ? ಹಾಗಿದ್ರೆ ತಗೊಳ್ಳಿ. ಇಲ್ದಿದ್ರೆ ಬಾಡಿಗೆ" ಅಂದಳು. ಹೈಕೋರ್ಟ್ ತೀರ್ಪು!

ಅಪ್ಪನ ಮಾತು

ಲೆಕ್ಕ ಹೀಗೆ ಹೇಳಿದರೂ ಮನಸ್ಸು ಕೇಳಬೇಕಲ್ಲ. ಗೆಳೆಯರೇ, ನಿಮಗೂ ಹೀಗೆ ಆಗಿರುತ್ತದೆ. ಹಳೇ ಬುಲೆಟ್ ಒಂದನ್ನು ನೋಡಿ ಬಂದ ರಾತ್ರಿ ನಿದ್ದೆ ಬರುತ್ತದೆಯೇ? ಬೇಡ ಎಂದು ತಲೆ ಹೇಳುತ್ತದೆ, ಎದೆ ಆಗಲೇ ಕಿಕ್ ಹೊಡೆದಿರುತ್ತದೆ. ನನ್ನ ಕಣ್ಣ ಮುಂದೆ ಒಂದೇ ಚಿತ್ರ: ಸಂಜೆ ಹೊತ್ತು, ಕೆರೆಯ ದಡ, ಟ್ರೈಲರಿನ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿರುವ ಅಪ್ಪ.

ಬೆಳಿಗ್ಗೆ ಅಪ್ಪ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ನಿಮ್ಮಮ್ಮ ದಾರೀಲಿ ಅದ್ರೊಳಗೆ ಮಲಗಿಕೊಂಡು ಬರಬೌದಾ?"

ಇಲ್ಲ. ಓಡುತ್ತಿರುವ ಟ್ರಾವೆಲ್ ಟ್ರೈಲರಿನ ಒಳಗೆ ಜನ ಇರುವಂತಿಲ್ಲ ಎಂಬುದು ಒಹಾಯೋ ಕಾನೂನು. ಸಿನಿಮಾದಲ್ಲಿ ಅದರೊಳಗೆ ಹೀರೋ ಹೀರೋಯಿನ್ ಹಾಡು ಹೇಳಬಹುದು, ರಸ್ತೆಯಲ್ಲಿ ಆಗದು. ಎಲ್ಲರೂ ಮುಂದಿನ ಗಾಡಿಯಲ್ಲೇ ಬೆಲ್ಟು ಕಟ್ಟಿ ಕೂರಬೇಕು.

ಎರಡನೆಯದು, "ನಾವು ಊರಿಗೆ ಹೋದ್ಮೇಲೆ ಇದು ಎಲ್ಲಿ ನಿಂತಿರತ್ತೆ?"

ಊರ ಹೊರಗೆ, ಬಾಡಿಗೆ ಜಾಗದಲ್ಲಿ, ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗ, ಮೂವತ್ತೊಂದು ವರ್ಷ ನೋಡಿದೀನಿ. ಓಡೋ ಬಸ್ಸು ಬೇಗ ಕೆಡಲ್ಲ. ಡಿಪೋದಾಗೆ ನಿಂತಿರೋ ಬಸ್ಸು ಕೆಡ್ತದೆ. ಬ್ಯಾಟ್ರಿ ಸಾಯ್ತದೆ, ಟಯರ್ ಒಣಗ್ತದೆ, ಇಲಿ ಸೇರ್ಕೊಂಡು ವೈರ್ ಕಡೀತದೆ. ವರ್ಸಕ್ಕೆ ಹದ್ನಾಕು ದಿನ ಓಡಿ ಮುನ್ನೂರೈವತ್ತು ದಿನ ನಿಲ್ಲೋ ಗಾಡಿಗೆ ಎಂಟು ಲಕ್ಸ ಹಾಕ್ತೀಯ? ನನಗೆ ತೋರಿಸ್ಬೇಕು ಅಂತ ತಾನೇ? ನನಗೆ ಗಾಡಿ ಬ್ಯಾಡ, ಊರು ತೋರಿಸು ಸಾಕು."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನೂ ಕೊಡಲಿಲ್ಲ. ಆ ನಿವೃತ್ತ ದಂಪತಿಗೆ ಫೋನು ಮಾಡಿ ಬೇಡ ಎಂದು ತಿಳಿಸಿದೆ. ಆ ಮನುಷ್ಯ ಬೇಸರ ಪಟ್ಟುಕೊಳ್ಳಲಿಲ್ಲ.

ಏಳು ರಾತ್ರಿಗಳ ಪಿಕ್ಚರ್

ನಯಾಗರಾಕ್ಕೆ ಹೋದೆವು. ಕೊಲಂಬಸ್‌ನಿಂದ ಐದಾರು ಗಂಟೆಯ ದಾರಿ. ಮರ್ಲಿನ್ ಮನ್ರೋ ಅಭಿನಯದ 1953ರ 'ನಯಾಗರಾ' ಚಿತ್ರ ತೆಗೆದ ಜಾಗವೇ ಅದು ಎಂದು ಅಪ್ಪನಿಗೆ ಹೇಳಿದೆ. "ಯಾರವ್ಳು?" ಅಂದರು. ಅದಿರಲಿ.

ವ್ಯಾನಿಗೆ ಕೊಕ್ಕೆ ಹಾಕಿಸುವ ಖರ್ಚೂ ಬೇಡವೆಂದು, ಟ್ರೈಲರನ್ನು ಕ್ಯಾಂಪಿನ ಜಾಗಕ್ಕೇ ತಂದು ನಿಲ್ಲಿಸಿ ಕೊಡುವ ಬಾಡಿಗೆಯವನೊಬ್ಬನನ್ನು ಹಿಡಿದಿದ್ದೆವು. ಟ್ರೈಲರ್ ರಿವರ್ಸ್ ತೆಗೆಯುವುದು ಉಲ್ಟಾ ಲೆಕ್ಕ. ಬಂಡಿಯ ಹಿಂಭಾಗ ಎಡಕ್ಕೆ ಹೋಗಬೇಕೆಂದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕು. ಎರಡು ಮರಗಳ ನಡುವೆ ಆ ದೊರೆ ಹಿಂದೆ ಮುಂದೆ ಪರದಾಡುತ್ತಿದ್ದ. ಅಪ್ಪ ತಡೆದುಕೊಳ್ಳಲಾರದೆ ಪಂಚೆ ಮೇಲೆತ್ತಿ ಕಟ್ಟಿಕೊಂಡು ಹಿಂದೆ ಹೋಗಿ ನಿಂತೇಬಿಟ್ಟರು. "ಬರ್ಲಿ ಬರ್ಲಿ... ರೈಟ್... ರೈಟ್... ಬರ್ಲಿ... ಹೋಲ್ಡಾನ್!" ಟ್ರೈಲರಿನ ಬೆನ್ನು ತಟ್ಟಿದರು. ಅವನಿಗೆ ಕನ್ನಡ ಬರದು, ಅಪ್ಪನಿಗೆ ಇಂಗ್ಲಿಷ್ ಬರದು. ಕೈಸನ್ನೆ ನೋಡಿ ಒಂದೇ ಸಲಕ್ಕೆ ನಿಲ್ಲಿಸಿದ! ಇಳಿದು ಬಂದು ಅಪ್ಪನ ಕೈ ಕುಲುಕಿದ. ಆ ಕ್ಷಣ ನಮ್ಮಪ್ಪನ ಮುಖ ನೋಡಬೇಕಿತ್ತು ನೀವು.

ಏಳು ರಾತ್ರಿಗೆ 1,295, ತಂದು ನಿಲ್ಲಿಸಿದ್ದಕ್ಕೆ 200. ಒಟ್ಟು 1,495 ಡಾಲರ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಇಪ್ಪತ್ತೇಳು ಸಾವಿರ. ಕಡಿಮೆಯೇನಲ್ಲ. ಆದರೆ ಆ ಏಳು ದಿನದಲ್ಲಿ ಯಾವ ಮಾರಾಟಗಾರನೂ ಹೇಳದ ಸಂಗತಿಗಳು ಗೊತ್ತಾದವು. ಮೂರು ಮೆಟ್ಟಿಲು ಹತ್ತಿ ಇಳಿಯಲು ಅಪ್ಪನಿಗೆ ಪ್ರತಿ ಸಲವೂ ಒಬ್ಬರ ಭುಜ ಬೇಕು. ರಾತ್ರಿ ಮಳೆ ಬಂದರೆ ತಗಡಿನ ಡಬ್ಬಿಯೊಳಗೆ ಮಲಗಿದ ಹಾಗೆ ಸದ್ದು. ಪಾಯಿಖಾನೆಯ ಟ್ಯಾಂಕು ತುಂಬಿದಾಗ ದಪ್ಪ ಕೊಳವೆ ಸಿಕ್ಕಿಸಿ ಖಾಲಿ ಮಾಡಬೇಕು. ಆ ಪಾತ್ರಕ್ಕೆ ಡ್ಯೂಪ್ ಸಿಗುವುದಿಲ್ಲ, ಹೀರೋನೇ ಮಾಡಬೇಕು! ಇನ್ನೊಂದು ಕಡೆ, ಬೆಳಗಿನ ಚಳಿಯಲ್ಲಿ ಅಮ್ಮ ಆ ಪುಟ್ಟ ಒಲೆಯ ಮೇಲೆ ಉಪ್ಪಿಟ್ಟು ಕೆದಕಿದಾಗ ಪಕ್ಕದ ಬಂಡಿಯ ಮಕ್ಕಳು ಮೂಗು ಅರಳಿಸಿಕೊಂಡು ಬಂದು ನಿಂತವು. ಅಮ್ಮ ಒಂದು ದಿನವೂ ಮುಖ ಬಾಡಿಸಿಕೊಳ್ಳಲಿಲ್ಲ. ಸಂಜೆ ಅಪ್ಪ ಕುರ್ಚಿ ಹಾಕಿಕೊಂಡು ಕಾಫಿ ಕುಡಿದರು. ನಾನು ಅಂದುಕೊಂಡಿದ್ದ ಚಿತ್ರ ಅಚ್ಚುಕಟ್ಟಾಗಿ ಸಿಕ್ಕಿತು. ಬಂಡಿ ಯಾರದಾದರೇನು?

ಹಾಗಾದರೆ ಸೆಕೆಂಡ್ ಹ್ಯಾಂಡ್ ಟ್ರೈಲರ್ ಕೊಳ್ಳಲೇಬಾರದೇ? ಹಾಗಲ್ಲ. ವರ್ಷಕ್ಕೆ 30 ರಾತ್ರಿ ಅದರಲ್ಲಿ ಕಳೆಯುವವನಿಗೆ ನಮ್ಮದೇ ಲೆಕ್ಕದಲ್ಲಿ ರಾತ್ರಿಗೆ 90 ಬೀಳುತ್ತದೆ, ಬಾಡಿಗೆಗಿಂತ ಎಷ್ಟೋ ಅಗ್ಗ. ಸ್ವಂತ ಜಾಗ ಇದ್ದು, ಏಣಿ ಹತ್ತಿ ತಾನೇ ಅಂಟು ಬಳಿಯಬಲ್ಲವನಿಗೆ, ಗಟ್ಟಿ ಟ್ರಕ್ಕು ಮೊದಲೇ ಇರುವವನಿಗೆ ಅದು ಒಳ್ಳೆಯ ವ್ಯಾಪಾರವೇ. ನಿವೃತ್ತರು ಎಷ್ಟೋ ಜನ ಹಾಗೆ ಸುಖವಾಗಿದ್ದಾರೆ. ಅಂಥವರೂ ಮೊದಲು ಒಂದು ವಾರ ಬಾಡಿಗೆಗೆ ತಂದು ಮಲಗಿ ನೋಡಲಿ ಎನ್ನುವುದು ನನ್ನ ಮಾತು. ಸಿನಿಮಾದವರು ಪುಕ್ಕಟೆ ಟ್ರೈಲರ್ ತೋರಿಸುವುದು ಯಾಕೆ? ಟಿಕೆಟ್ ಕೊಳ್ಳುವುದೋ ಬಿಡುವುದೋ ನೀವು ತೀರ್ಮಾನ ಮಾಡಲಿ ಎಂದು. ಈ ಟ್ರೈಲರಿಗೂ ಅದೇ ನಿಯಮ.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದುತ್ತಿರುವ ಗೆಳೆಯ, ನಿನಗೆ ಅಮೆರಿಕದ ಟ್ರೈಲರ್ ಬೇಕಾಗಿಲ್ಲ, ನನಗೆ ಗೊತ್ತು. ಆದರೆ ಹಳೇ ಓಮ್ನಿಯ ಮೇಲೋ, ಹಳೇ ಟೆಂಪೋ ಟ್ರಾವೆಲರ್ ಮೇಲೋ ನಿನಗೆ ಕಣ್ಣಿರಬಹುದು. ಒಳಗೆ ಮಂಚ, ಒಲೆ ಹಾಕಿಸಿ ಗೆಳೆಯರ ಜೊತೆ ಆಗುಂಬೆ, ಗೋಕರ್ಣ ಸುತ್ತೋಣ ಎಂಬ ಕನಸಿರಬಹುದು. ನಮ್ಮ ದೇಶದಲ್ಲಿ ಗಾಡಿಯ ಮೂಲರೂಪ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಂತಿದೆ ಎಂಬುದು ನೆನಪಿರಲಿ, ಆರ್‌ಟಿಓ ಆಫೀಸಿಗೆ ಹೋಗಿ ಕೇಳದೆ ವೆಲ್ಡಿಂಗ್ ಷಾಪಿಗೆ ಹೋಗಬೇಡ. ಕಾಸು ಎಣಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊ. ಮೂಲೆಯಲ್ಲಿ ನೀರು ಕುಡಿದಿದೆಯೇ? ತುಂಬಿದ ಮೇಲೆ ಭಾರ ಎಷ್ಟು? ವರ್ಷದಲ್ಲಿ ಎಷ್ಟು ದಿನ ಓಡುತ್ತದೆ, ಎಷ್ಟು ದಿನ ನಿಲ್ಲುತ್ತದೆ?

ಮಿಕ್ಕ ದುಡ್ಡು ತಿಪಟೂರಿಗೆ ಹೋಯಿತು. 2025ರ ಮುಂಗಾರಿಗೆ ಮುಂಚೆ ತಾರಸಿ ಬಿತ್ತು. ಮೊದಲ ಮಳೆಯ ರಾತ್ರಿ ಅಪ್ಪ ಫೋನು ಮಾಡಿದ್ದರು. ಮನೆಯ ವಿಷಯ ಎರಡೇ ಮಾತು, "ಸೋರ್ಲಿಲ್ಲ ಕಣೋ." ಆಮೇಲೆ ಅರ್ಧ ಗಂಟೆ ನಯಾಗರಾದ ಮಾತು. ಡಿಪೋದ ಹಳೇ ಸ್ನೇಹಿತರನ್ನೆಲ್ಲ ಕೂರಿಸಿಕೊಂಡು ಆ ಅಮೆರಿಕದವನಿಗೆ ರಿವರ್ಸ್ ಹೇಳಿಕೊಟ್ಟ ಕಥೆಯನ್ನು ಹೇಳುತ್ತಾರಂತೆ. ಹೇಳಿದಷ್ಟು ಸಲವೂ ಆ ಟ್ರೈಲರ್ ಒಂದೊಂದು ಅಡಿ ಉದ್ದವಾಗುತ್ತಿದೆ ಎಂದು ಅಮ್ಮ ನಗುತ್ತಿದ್ದಳು.